ಅಪ್ಪನ ಪ್ರಾರ್ಥನೆಯ ಮೂವರು ಅರಸರು

ನಮ್ಮ ಅಪ್ಪ ಹೊಸಪೇಟೆಯ ಮಿಷನ್ ಸಭೆಗೆ ಉಪದೇಶಿ. ಉಪದೇಶಿ ಎಂದರೆ ಪೂರ್ತಿ ಪಾದ್ರಿಯಲ್ಲ. ದೀಕ್ಷಾಸ್ನಾನ, ಮದುವೆ, ಕರ್ತನ ಭೋಜನ ಇವೆಲ್ಲ ಊರ ಹೊರಗಿನ ಬಂಗಲೆಯಲ್ಲಿದ್ದ ಬಿಳಿ ಪಾದ್ರಿಯ, ನಾವೆಲ್ಲ ದೊರೆಗಳು ಎನ್ನುತ್ತಿದ್ದವರ, ಕೆಲಸ. ಉಳಿದದ್ದೆಲ್ಲ ಅಪ್ಪನದು. ಭಾನುವಾರದ ಆರಾಧನೆ ನಡೆಸುವುದು, ಕಾಯಿಲೆ ಬಿದ್ದವರ ಮನೆಗೆ ಹೋಗುವುದು, ಸತ್ತವರನ್ನು ಮಣ್ಣು ಮಾಡುವುದು, ಆಗಾಗ ಕಂಪ್ಲಿಯ ಕಡೆಗೋ ಸಂಡೂರಿನ ಕಡೆಗೋ ಹೋಗಿ ಅಲ್ಲಿ ಇಲ್ಲಿ ಚದುರಿದ್ದ ನಾಲ್ಕಾರು ಮನೆಯವರನ್ನು ಕೂಡಿಸಿ ಪ್ರಾರ್ಥನೆ ಮಾಡಿ ಬರುವುದು.

ಸಣ್ಣವಳಿದ್ದಾಗ ಶಾಲೆಗೆ ರಜೆ ಬಂದರೆ ನಾನೂ ಅವನ ಜೊತೆ ಹೋಗುತ್ತಿದ್ದೆ. ಹಾಗೆ ಹೋದಾಗಲೇ ಒಂದು ವಿಚಿತ್ರ ನನ್ನ ಕಿವಿಗೆ ಬಿತ್ತು. ಅಪ್ಪನ ಪ್ರಾರ್ಥನೆ ಎಲ್ಲ ಊರಲ್ಲೂ ಒಂದೇ. ಮಳೆ ಬೆಳೆ, ರೋಗಿಗಳು, ವಿಧವೆಯರು, ದಾರಿ ನಡೆಯುವವರು, ಎಲ್ಲರೂ ಅದೇ ಸಾಲಿನಲ್ಲಿ ಬಂದು ಹೋಗುತ್ತಿದ್ದರು. ಬದಲಾಗುತ್ತಿದ್ದವನು ಅರಸ ಮಾತ್ರ. ಹೊಸಪೇಟೆಯಲ್ಲಿ ಇಂಗ್ಲೆಂಡಿನ ಚಕ್ರವರ್ತಿಗಳು, ಅವರ ಹಿಂದೆ ಮದ್ರಾಸಿನ ಗೌರ್ನರು. ಗುಡ್ಡಗಳ ನಡುವಿನ ಗಂಡಿ ದಾಟಿ ಸಂಡೂರಿಗೆ ಹೋದರೆ ಅದು ಬೇರೆ ಸಂಸ್ಥಾನ. ಅಲ್ಲಿ ಅಪ್ಪ ಸಂಡೂರಿನ ರಾಜರನ್ನು ಸೇರಿಸುತ್ತಿದ್ದ. ಕಂಪ್ಲಿಯಲ್ಲಿ ಹೊಳೆ ದಾಟಿದರೆ ಆಚೆ ದಡ ಹೈದರಾಬಾದಿನ ನವಾಬರದು. ಮೊಗಲಾಯಿ ಸೀಮೆ ಎಂದು ಅದನ್ನು ಜನ ಕರೆಯುತ್ತಿದ್ದರು. ಅಲ್ಲಿನ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ನಿಂತು ಅಪ್ಪ ನವಾಬರಿಗೆ ಆಯುಷ್ಯ ಬೇಡುತ್ತಿದ್ದ.

ಒಮ್ಮೆ ಕಂಪ್ಲಿಯ ಹರಿಗೋಲಿನಲ್ಲಿ ಕುಳಿತಾಗ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಈ ದಂಡೀಗೆ ಚಕ್ರವರ್ತಿ, ಆ ದಂಡೀಗೆ ನವಾಬ. ಹೊಳಿ ನಡುವ ಯಾರು ಅರಸ?"

ಅಪ್ಪ ಉತ್ತರ ಹುಡುಕುವಷ್ಟರಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗನೇ ಹೇಳಿದ: "ಹೊಳಿ ನಡುವ ನಾನ ಅರಸವ್ವ. ಸುಮ್ನ ಕುಂದ್ರು, ಅಲುಗಾಡಬ್ಯಾಡ."

ಅಪ್ಪ ನಕ್ಕುಬಿಟ್ಟ. ಅವತ್ತು ಬೇವಿನ ಮರದ ಕೆಳಗೆ ನವಾಬರಿಗೆ ಬೇಡಿದ ಮೇಲೆ ಅಂಬಿಗನ ತೋಳಿಗೂ ಬಲ ಕೊಡು ಎಂದು ಬೇಡಿದ. ದೇವರಿಗೆ ಈ ಸರಹದ್ದುಗಳೆಲ್ಲ ಗೊತ್ತಿರುತ್ತವೆಯೇ ಎಂದು ನಾನು ವಾಪಸು ಬರುವಾಗ ಕೇಳಿದೆ. "ದೇವರಿಗೆ ಗೊತ್ತಿಲ್ದಿದ್ರೂ ಅಮಲ್ದಾರಗ ಗೊತ್ತಿರತೈತಿ," ಎಂದ ಅಪ್ಪ. ಆ ಮಾತಿನಲ್ಲಿದ್ದ ಎಚ್ಚರಿಕೆ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ನಾನು ಬೆಳೆದು ಮಿಷನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದೆ. ಭಾನುವಾರ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವುದೂ ನನ್ನ ಪಾಲಿಗೆ ಬಂತು. ದೇವಾಲಯ ಎಂದರೆ ಶಾಲೆಗೆ ಹೊಂದಿಕೊಂಡ, ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ಎಲ್ಲರೂ ಚಾಪೆಯ ಮೇಲೆ. ಮುಂದಿದ್ದ ಎರಡೇ ಎರಡು ಬೆತ್ತದ ಕುರ್ಚಿ ದೊರೆಗಳಿಗೆ ಮತ್ತು ದೊರೆಸಾನಿಯವರಿಗೆ. ಗಂಡಸರ ಸಾಲಿನ ಮೊದಲಲ್ಲಿ ಸಭೆಯ ಹಿರಿಯರಾದ ಪಿಂಚಣಿ ಹವಾಲ್ದಾರರು ಕೂರುತ್ತಿದ್ದರು. ಹಿಂದಿನ ಮಹಾಯುದ್ಧದಲ್ಲಿ ಬಸರಾಕ್ಕೆ ಹೋಗಿ ಬಂದವರು. ಎದೆಯ ಮೇಲೆ ಪದಕ ಸಿಕ್ಕಿಸಿಕೊಳ್ಳದೆ ಅವರು ದೇವಾಲಯದ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ.

ನನಗೊಬ್ಬ ಅಣ್ಣ. ಜಿಲ್ಲಾ ಬೋರ್ಡಿನ ಸ್ಕೂಲಿನಲ್ಲಿ ಮೇಷ್ಟರಾಗಿದ್ದ. ಒಂದು ಭಾನುವಾರ ಅವನು ಖಾದಿ ಉಟ್ಟು, ತಲೆಗೆ ಬಿಳಿ ಖಾದಿ ಟೋಪಿ ಇಟ್ಟುಕೊಂಡು ಆರಾಧನೆಗೆ ಬಂದ. ಬಂದವನು ಟೋಪಿ ತೆಗೆಯದೆ ಕುಳಿತ. ಹವಾಲ್ದಾರರು ತಿರುಗಿ ನೋಡಿದರು, ಕೆಮ್ಮಿದರು, ಕೊನೆಗೆ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಹಿಡಿದರು.

"ಏನ್ ಮೇಷ್ಟ್ರ, ದೇವರ ಮುಂದ ಟೊಪ್ಪಿಗಿ ತೆಗೀಬೇಕಂತ ಗೊತ್ತಿಲ್ಲೇನು?"

"ನಿಮ್ಮ ತಲಿ ಮ್ಯಾಲೆ ರುಮಾಲು ಐತಲ್ರಿ?" ಎಂದ ಅಣ್ಣ.

"ರುಮಾಲು ಬ್ಯಾರೆ. ರುಮಾಲು ಇಟ್ಕೊಳ್ಳೋದು ಮರ್ಯಾದಿ. ಟೊಪ್ಪಿಗಿ ತೆಗಿಯೋದು ಮರ್ಯಾದಿ."

"ಹಂಗಾರ ಇದು ರುಮಾಲ ಅಂತ ತಿಳಕೊಳ್ರಿ. ಅರಿವಿ ಕಮ್ಮಿ ಇತ್ತು, ಸಣ್ಣದಾಗೈತಿ."

ಸುತ್ತ ನಿಂತವರು ನಕ್ಕರು. ಆದರೆ ಪ್ರಶ್ನೆ ನಗುವಿಗೆ ಮುಗಿಯಲಿಲ್ಲ. ಊರಿನ ರುಮಾಲಿಗೆ ಊರಿನ ನಿಯಮ, ಸಾಹೇಬರ ಹ್ಯಾಟಿಗೆ ಸಾಹೇಬರ ನಿಯಮ ಎಂದು ಅಲ್ಲಿಯವರೆಗೆ ನಡೆದುಕೊಂಡು ಬಂದಿತ್ತು. ಖಾದಿ ಟೋಪಿ ಇವೆರಡರಲ್ಲಿ ಯಾವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ಕೂಡಿ ಮಾತಾಡಿದರು. ದೊರೆಗಳನ್ನು ಕೇಳಿದರೆ, ನಿಮ್ಮ ದೇಶದ ಉಡುಪಿನ ವಿಷಯ ನೀವೇ ನಿರ್ಣಯಿಸಿರಿ ಎಂದುಬಿಟ್ಟರು. ಅಪ್ಪ ಒಂದು ವಾರ ಯೋಚನೆ ಮಾಡಿ, "ಇಟ್ಕೊಂಡ್ರ ಇಟ್ಕೊ, ತೆಗದ್ರ ತೆಗಿ. ಆದ್ರ ಪ್ರಾರ್ಥನಿ ಮಾಡೋವಾಗ ಟೊಪ್ಪಿಗಿ ಬಗ್ಗೆ ಯೋಚನಿ ಮಾಡಬ್ಯಾಡ," ಎಂದ. ಅದು ಸೋಲೋ ಗೆಲುವೋ ತಿಳಿಯದೆ ಅಣ್ಣ ಮುಂದಿನ ವಾರದಿಂದ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರತೊಡಗಿದ.

ಆದರೆ ಇನ್ನೊಂದು ವಿಷಯದಲ್ಲಿ ಅವನು ಬಗ್ಗಲಿಲ್ಲ. ಅಪ್ಪ ಚಕ್ರವರ್ತಿಗಳಿಗಾಗಿ ಪ್ರಾರ್ಥಿಸಿದಾಗ ಸಭೆಯೆಲ್ಲ ಆಮೆನ್ ಎಂದರೆ ಅವನ ತುಟಿ ಅಲ್ಲಾಡುತ್ತಿರಲಿಲ್ಲ. ಹಾರ್ಮೋನಿಯಂ ಹಿಂದೆ ಕೂತ ನನಗೆ ಎಲ್ಲರ ಮುಖವೂ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅವನು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಾನೆ ಎಂಬ ಕುತೂಹಲ ನನ್ನನ್ನು ಕೊರೆಯುತ್ತಿತ್ತು. ಕೇಳಿದರೆ, "ದೇವರಿಗೆ ಹೇಳಿದ್ದನ್ನ ನಿನಗ್ಯಾಕ ಹೇಳ್ಲಿ?" ಎನ್ನುತ್ತಿದ್ದ.

ಯುದ್ಧ ಬಂತು. ದೊರೆಗಳ ಒಬ್ಬನೇ ಮಗ ಸೈನ್ಯಕ್ಕೆ ಸೇರಿ ಸಿಂಗಾಪುರದ ಕಡೆ ಹೋದ. ಅವನು ಹುಟ್ಟಿದ್ದು ನಮ್ಮೂರ ಬಂಗಲೆಯಲ್ಲೇ. ಓದಲು ಇಂಗ್ಲೆಂಡಿಗೆ ಹೋಗುವ ತನಕ ಅಣ್ಣನ ಜೊತೆ ಕಾಲುವೆಯಲ್ಲಿ ಈಜು ಬಿದ್ದವನು. ಮಗ ಹೋದ ಮೇಲೆ ದೊರೆಗಳು ವಿಜಯಕ್ಕಾಗಿ ಒಂದು ವಿಶೇಷ ಪ್ರಾರ್ಥನೆಯ ಭಾನುವಾರ ಇಡಿಸಿದರು. ಪ್ರಸಂಗಪೀಠದ ಪಕ್ಕದಲ್ಲಿ ಹೂ ಇಡುವ ಹಿತ್ತಾಳೆಯ ಹೂಜಿಗೆ ಇಂಗ್ಲಿಷ್ ಬಾವುಟ ಸಿಕ್ಕಿಸಿ ನಿಲ್ಲಿಸಿದರು. ಕೊನೆಗೆ ಇಂಗ್ಲಿಷರ ರಾಷ್ಟ್ರಗೀತೆಯಾದ ಅರಸನ ಹಾಡನ್ನು ಹಾಡಬೇಕು, ಅದೂ ಕನ್ನಡದಲ್ಲಿ, ಎಂದು ದೊರೆಸಾನಿಯವರಿಗೆ ಆಸೆ. ಮಾತು ಹೊಂದಿಸುವ ಕೆಲಸ ನನಗೆ ಬಂತು.

ಅದೊಂದು ಪಜೀತಿ. ಆ ಧಾಟಿಯ ಸಾಲುಗಳು ಗಿಡ್ಡ. ಕನ್ನಡದ ಮಾತುಗಳು ಉದ್ದ. ಚಕ್ರವರ್ತಿ ಎಂಬ ಶಬ್ದವನ್ನು ಎಲ್ಲಿ ಇಟ್ಟರೂ ಅದರ ಒಂದು ಕಾಲು ಹೊರಗೆ ಚಾಚಿಕೊಳ್ಳುತ್ತಿತ್ತು. ದೊರೆಸಾನಿಯವರೂ ನಾನೂ ಮೂರು ಸಂಜೆ ಹಾರ್ಮೋನಿಯಂ ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಚಕ್ರವರ್ತಿಯನ್ನು ಬಿಟ್ಟು ಅರಸ ಎಂದು ಹಾಕಿದೆವು. ಅದು ಸರಿಯಾಗಿ ಕೂತಿತು.

ಭಾನುವಾರ ಹಾಡಿದ್ದೂ ಆಯಿತು. ದೊರೆಸಾನಿಯವರ ಕಣ್ಣಲ್ಲಿ ನೀರು. ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಹವಾಲ್ದಾರರು ಎದ್ದು ಬಂದರು.

"ಏನ್ ತಾಯಿ, ಚಕ್ರವರ್ತೀನ ಬರೇ ಅರಸ ಮಾಡೀರಲ್ಲ! ಅರಸಂದ್ರ ಸಂಡೂರಿನೋರೂ ಅರಸರ. ನಾ ಬಸರಾದಾಗ ಗುಂಡು ತಿಂದಿದ್ದು ಬರೇ ಅರಸನ ಸಲುವಾಗೇನು?"

ಮನೆಗೆ ಬಂದು ಇದನ್ನು ಹೇಳಿದರೆ ಅಣ್ಣ ಬಿದ್ದು ಬಿದ್ದು ನಕ್ಕ. "ನಾವು ಇಷ್ಟು ವರ್ಷ ಚರಕಾ ತಿರುವಿ ಮಾಡ್ಲಾರದ್ದನ್ನ ನೀನು ಹಾರ್ಮೋನಿಯಂ ಮ್ಯಾಲೆ ಮಾಡಿಬಿಟ್ಟೆಲ್ಲ!" ಎಂದ. ಅವ್ವ ಮಾತ್ರ ನಗಲಿಲ್ಲ. "ಆ ದೊರಿಸಾನಿ ಅತ್ತಿದ್ದು ಅರಸನ ಸಲುವಾಗಲ್ಲ. ಮಗನ ಸಲುವಾಗಿ," ಎಂದು ಹೇಳಿ ಒಲೆಯ ಕಡೆ ತಿರುಗಿದಳು.

ಅದಾದ ಮೇಲೆ ಕೆಟ್ಟ ದಿನಗಳು ಒಂದರ ಹಿಂದೆ ಒಂದು ಬಂದವು. ಸಿಂಗಾಪುರ ಜಪಾನೀಯರ ಕೈಗೆ ಬಿತ್ತು. ದೊರೆಗಳ ಮಗ ಸೆರೆ ಸಿಕ್ಕನೋ ಸತ್ತನೋ ಎಂಬ ಸುದ್ದಿಯೇ ಬರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ದೇಶದ ತುಂಬ ಚಳವಳಿ ಎದ್ದಿತು. ನಾಯಕರನ್ನೆಲ್ಲ ಹಿಡಿದು ಹಾಕಿದ್ದಾರೆ ಎಂಬ ಸುದ್ದಿ ಬಂದ ಮರುದಿನ ಅಣ್ಣ ಶಾಲೆಗೆ ಹೋಗದೆ, ಇನ್ನೂ ಕೆಲವರ ಜೊತೆ ಬಾವುಟ ಹಿಡಿದುಕೊಂಡು ಬಜಾರದಿಂದ ರೈಲ್ವೆ ಸ್ಟೇಷನ್ನಿನವರೆಗೆ ನಡೆದ. ಸ್ಟೇಷನ್ನಿನಲ್ಲಿ ಪೊಲೀಸರು ಕಾಯುತ್ತಿದ್ದರು. ಅವತ್ತೇ ಸಾಯಂಕಾಲ ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಿದರು.

ಮಾರನೆಯ ದಿನ ದೊರೆಗಳು ನಮ್ಮ ಮನೆಗೆ ಬಂದರು. ಅವರು ಹಾಗೆ ಹೇಳದೆ ಕೇಳದೆ ಬಂದವರಲ್ಲ. ಅಪ್ಪ ಗಾಬರಿಯಾಗಿ ಇದ್ದೊಂದು ಕುರ್ಚಿಯನ್ನು ಒರೆಸಿ ಹಾಕಿದ.

"ಪೊಲೀಸಿನವರು ನನ್ನನ್ನು ಪ್ರಶ್ನಿಸಿದರು," ಎಂದರು ದೊರೆಗಳು. ಮುನ್ಶಿಯ ಹತ್ತಿರ ಕಲಿತ ಗ್ರಂಥದ ಕನ್ನಡ ಅವರದು. "ಸಭೆಯು ಈ ಕಾರ್ಯದಲ್ಲಿ ಪಾಲುಗೊಂಡಿದೆಯೋ ಎಂದು. ಇಲ್ಲವೆಂದು ನಾನು ಉತ್ತರ ಕೊಟ್ಟೆನು. ಸಭೆಯಲ್ಲಿ ರಾಜಕಾರಣವು ಬೇಡ. ನಿಮಗೆ ಅರ್ಥವಾಗುತ್ತದಲ್ಲವೇ?"

ಅಪ್ಪ ತಲೆಯಾಡಿಸಿದ. ಮೂಲೆಯಲ್ಲಿ ನಿಂತಿದ್ದ ನನಗೆ, ಹೂಜಿಯಲ್ಲಿ ಬಾವುಟ ನಿಲ್ಲಿಸಿದ್ದು ರಾಜಕಾರಣವಲ್ಲದೆ ಮತ್ಯಾವ ಕಾರಣ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವ್ವ ಚಹಾ ತಂದು ದೊರೆಗಳ ಕೈಗೆ ಕೊಟ್ಟು, "ನಿಮ್ಮ ಮಗಂದು ಏನಾರ ಸುದ್ದಿ ಬಂತೇನ್ರಿ?" ಎಂದಳು.

ಅವರು ಬಟ್ಟಲನ್ನೇ ನೋಡುತ್ತ ಇಲ್ಲವೆಂದು ತಲೆಯಾಡಿಸಿದರು. "ಬರತೈತ್ರಿ. ನನ್ನ ಮಗ ಎಲ್ಲದಾನಂತ ನನಗ ಗೊತ್ತೈತಿ. ಅಷ್ಟರ ಮಟ್ಟಿಗೆ ನಾ ಪುಣ್ಯವಂತಿ," ಎಂದಳು ಅವ್ವ. ದೊರೆಗಳು ಚಹಾ ಪೂರ್ತಿ ಕುಡಿದು ಎದ್ದು ಹೋದರು.

ಆ ಶನಿವಾರ ಅಪ್ಪ ಹಿತ್ತಲಲ್ಲಿ ಅತ್ತಿಂದಿತ್ತ ತಿರುಗಾಡಿದ್ದು ನೆನಪಿದೆ. ಏನಪ್ಪಾ ಎಂದೆ. "ಅವನ ಹೆಸ್ರು ತಗೊಂಡ್ರ ರಾಜಕಾರಣ ಅಂತಾರ. ಬಿಟ್ರ ನಿಮ್ಮವ್ವನ ಮಾರಿ ನೋಡಾಕ ಆಗಂಗಿಲ್ಲ," ಎಂದ. ನಮ್ಮ ಮನೆಯೂ ಮಿಷನ್ನಿನದು, ಅಂಗಳದ ಬಾವಿಯೂ ಮಿಷನ್ನಿನದು ಎಂಬುದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಭಾನುವಾರ ದೇವಾಲಯ ಎಂದಿಗಿಂತ ಹೆಚ್ಚು ತುಂಬಿತ್ತು. ಉಪದೇಶಿಯ ಮಗ ಜೈಲಿಗೆ ಹೋದ ಮೇಲೆ ಉಪದೇಶಿ ಏನು ಹೇಳುತ್ತಾನೆ ಎಂದು ನೋಡಲು ಅಪರೂಪಕ್ಕೆ ಬರುವವರೂ ಬಂದಿದ್ದರು. ಅಪ್ಪ ಪ್ರಾರ್ಥನೆಗೆ ನಿಂತ. ಚಕ್ರವರ್ತಿಗಳು ಬಂದರು, ಗೌರ್ನರು ಬಂದರು. ಯುದ್ಧರಂಗದಲ್ಲಿರುವ ಸೈನಿಕರು, ದೊರೆಗಳ ಮಗ, ರೋಗಿಗಳು, ವಿಧವೆಯರು, ದಾರಿ ನಡೆಯುವವರು ಎಲ್ಲರೂ ಬಂದರು. ಕೊನೆಗೆ ಅಪ್ಪ ಮಾತು ನಿಲ್ಲಿಸಿದ. ಗಂಟಲು ಸರಿ ಮಾಡಿಕೊಂಡ. ಇನ್ನೂ ಒಂದು ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಮುಗಿಸುವ ಮಾತು ಶುರು ಮಾಡಿದ.

ಹೆಂಗಸರ ಕಡೆಯಿಂದ ಬಳೆಯ ಸದ್ದು ಕೇಳಿಸಿತು. ಅವ್ವ ಎದ್ದು ನಿಂತಿದ್ದಳು. ನಮ್ಮ ದೇವಾಲಯದಲ್ಲಿ ಹೆಂಗಸರು ಹಾಡುತ್ತಿದ್ದರೇ ಹೊರತು ಮಾತಾಡಿದ್ದಿಲ್ಲ.

"ಎಲ್ಲಾರೂ ಬಂದ್ರು," ಎಂದಳು ಅವ್ವ, ಮನೆಯಲ್ಲಿ ಮಾತಾಡುವ ದನಿಯಲ್ಲೇ. "ಜೈಲ್ನಾಗ ಇರೋರು ಉಳಿದ್ರು."

ಹೇಳಿ ಕೂರಲಿಲ್ಲ. ನಿಂತೇ ಇದ್ದಳು. ಅಪ್ಪ ಕಣ್ಣು ತೆರೆದ. ಹವಾಲ್ದಾರರು ತಮ್ಮ ಬೆತ್ತ ಊರಿ ಎದ್ದರು. "ನಾ ಸರಕಾರದ ಉಪ್ಪು ತಿಂದೀನಿ," ಎಂದಷ್ಟೇ ಹೇಳಿ, ಚಾಪೆಗಳ ನಡುವಿನ ದಾರಿಯಲ್ಲಿ ಬೆತ್ತ ಕುಟ್ಟುತ್ತ ಹೊರಗೆ ಹೋದರು. ಅವರ ಹಿಂದೆ ಅವರ ಮನೆಯವರೂ ಎದ್ದರು. ಅವರ ಸೊಸೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಅವ್ವನನ್ನು ನೋಡಿ ಹೋದಳು.

ಆಗ ಬೆತ್ತದ ಕುರ್ಚಿ ಕಿರುಗುಟ್ಟಿತು. ದೊರೆಗಳು ಎದ್ದಿದ್ದರು. ಸಭೆ ಬಿಡಿಸುತ್ತಾರೆ ಎಂದೇ ನಾನು ತಿಳಿದೆ. ಅವರು ಕಣ್ಣು ಮುಚ್ಚಿದರು.

"ಕರ್ತನೇ," ಎಂದರು. "ಸೆರೆಯಲ್ಲಿರುವವರನ್ನು ಜ್ಞಾಪಕಮಾಡಿಕೋ. ಈ ತಾಯಿಯ ಮಗನನ್ನು ಜ್ಞಾಪಕಮಾಡಿಕೋ. ಯಾವ ಸೆರೆಮನೆಯೋ ನಮಗೆ ತಿಳಿಯದ ಕಡೆಯಲ್ಲಿ ಇರುವವರನ್ನೂ ಜ್ಞಾಪಕಮಾಡಿಕೋ."

ಆಮೆನ್ ಎಲ್ಲರಿಂದ ಒಟ್ಟಿಗೆ ಬರಲಿಲ್ಲ. ಒಬ್ಬೊಬ್ಬರಾಗಿ, ಹಿಂದು ಮುಂದಾಗಿ ಬಂತು. ಮುಂದಿನ ಕೀರ್ತನೆಗೆ ನಾನು ಶ್ರುತಿ ಕೊಡಬೇಕಿತ್ತು. ಯಾವ ಕೀರ್ತನೆ ಎಂಬುದೇ ಮರೆತುಹೋಗಿತ್ತು. ದೊರೆಸಾನಿಯವರು ಬಗ್ಗಿ ನನಗೆ ನೆನಪು ಮಾಡಿದರು.

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆ: "ಅಷ್ಟು ಧೈರ್ಯ ಎಲ್ಲಿಂದ ಬಂತವ್ವಾ?"

"ಧೈರ್ಯ ಎಂಥಾದ್ದು? ನಿಮ್ಮಪ್ಪ ಮರ್ತಾನಂತ ತಿಳಿದೆ. ವಯಸ್ಸಾತು ನೋಡು."

ಅವಳು ನಿಜವಾಗಿಯೂ ಹಾಗೆ ತಿಳಿದಿದ್ದಳೋ, ಅಪ್ಪನ ಮುಖ ಉಳಿಸಲು ಹಾಗಂದಳೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಅಪ್ಪ ಒಳಗಿನಿಂದ ಕೇಳಿಸಿಕೊಂಡ. ಅಂದು ಊಟಕ್ಕೆ ಕೂತಾಗ ಅವಳು ಬಡಿಸುವವರೆಗೆ ಕಾಯದೆ ತಾನೇ ಅವಳ ತಟ್ಟೆಗೆ ಮೊದಲು ಬಡಿಸಿದ.

ಕೆಲವು ವಾರಗಳಲ್ಲಿ ಅಪ್ಪನಿಗೆ ಸಂಡೂರಿಗೆ ವರ್ಗವಾಯಿತು. ಅದು ಶಿಕ್ಷೆಯೋ ರಕ್ಷಣೆಯೋ ಯಾರೂ ಹೇಳಲಿಲ್ಲ. ಸಂಡೂರು ಸಂಸ್ಥಾನವಾದ್ದರಿಂದ ಹೊಸಪೇಟೆಯ ಪೊಲೀಸರು ಅಲ್ಲಿಗೆ ಸುಲಭವಾಗಿ ಬರುವಂತಿರಲಿಲ್ಲ ಎಂಬುದು ನಿಜ. ಸಂಬಳ, ಮನೆ ಎರಡೂ ಚಿಕ್ಕದಾದವು ಎಂಬುದೂ ನಿಜ. ನಾನು ದೊರೆಸಾನಿಯವರನ್ನು ನೇರವಾಗಿ ಕೇಳಿದೆ. "ಅಲ್ಲಿಯ ಹವೆಯು ಬಹಳ ಒಳ್ಳೆಯದು," ಎಂದರು ಅವರು. ನಾನು ಶಾಲೆಯ ಬೋರ್ಡಿಂಗಿನಲ್ಲಿ ಉಳಿದೆ. ರಜೆಗೆ ಸಂಡೂರಿಗೆ ಹೋಗುತ್ತಿದ್ದೆ.

ಅಲ್ಲಿನ ಸಭೆಯಲ್ಲಿ ಬಹುಪಾಲು ಜನ ಗುಡ್ಡದ ಮೇಲೆ ಮ್ಯಾಂಗನೀಸ್ ಅದಿರು ಅಗೆಯುವವರು. ಭಾನುವಾರ ಎಷ್ಟು ಉಜ್ಜಿ ಸ್ನಾನ ಮಾಡಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅಪ್ಪ ಹೋದ ಹೊಸದರಲ್ಲೇ ಅವರ ಮೇಸ್ತ್ರಿ ಆರಾಧನೆಯ ನಂತರ ತಕರಾರು ತೆಗೆದನಂತೆ.

"ಉಪದೇಶ್ಯಾರ, ದೂರದ ಚಕ್ರವರ್ತೀಗೆ ನಾಕ್ ಮಾತು, ನಮ್ಮ ರಾಜರಿಗೆ ಒಂದ ಮಾತೇನ್ರಿ? ನಮ್ಮೋರು ಇಲ್ಲೇ ಅದಾರ, ಕುದುರಿ ಮ್ಯಾಲೆ ಬರ್ತಾರ, ಕಣ್ಣಿಗೆ ಕಾಣ್ತಾರ. ಆ ಚಕ್ರವರ್ತೀನ ನಾವು ನೋಡೇ ಇಲ್ಲ."

ನನಗೆ ಇದನ್ನು ಹೇಳುವಾಗ ಅಪ್ಪನಿಗೆ ನಗು. "ಅಲ್ಲಿ ನಿಮ್ಮಣ್ಣಗ ಅರಸ ಭಾಳಾದ. ಇಲ್ಲಿ ಇವರಿಗೆ ಸಾಕಾಗವಲ್ಲ." ದೇಶಭಕ್ತಿ ಎನ್ನುವುದು ಒಂದೇ ಬಣ್ಣದ್ದಲ್ಲ ಎಂದು ನನಗೆ ಮೊದಲು ಹೊಳೆದದ್ದು ಆಗ. ಹವಾಲ್ದಾರರದು ಒಂದು, ಅಣ್ಣನದು ಒಂದು, ಮೇಸ್ತ್ರಿಯದು ಇನ್ನೊಂದು. ಮೂವರೂ ಅದನ್ನು ಒಂದೇ ದೇವರ ಮುಂದೆ ತಂದು ಇಡುತ್ತಿದ್ದರು.

ಕೊನೆಗೆ ಅಪ್ಪ ಅರಸರ ಹೆಸರು ಹೇಳುವುದನ್ನೇ ಬಿಟ್ಟ. "ಆಳುವವರೆಲ್ಲರಿಗೂ ಬುದ್ಧಿಯನ್ನು ಕೊಡು, ಆಳಿಸಿಕೊಳ್ಳುವವರಿಗೆ ತಾಳ್ಮೆಯನ್ನು ಕೊಡು" ಎಂದು ಹೊಸದೊಂದು ಪ್ರಾರ್ಥನೆ ಕಟ್ಟಿಕೊಂಡ. ಮೇಸ್ತ್ರಿಗೆ ಅರೆಮನಸ್ಸು. ಆದರೂ ಒಪ್ಪಿದ.

ಮುಂದಿನ ವರ್ಷ ನಾನು ರಜೆಗೆ ಹೋಗಿದ್ದಾಗ ಅಣ್ಣ ಬಿಡುಗಡೆಯಾಗಿ ನೇರವಾಗಿ ಸಂಡೂರಿಗೆ ಬಂದ. ಕೆಲಸ ಹೋಗಿತ್ತು. ತಲೆಗೂದಲು ಅಲ್ಲಲ್ಲಿ ನರೆತಿತ್ತು. ಭಾನುವಾರ ಅಪ್ಪನ ಹೊಸ ಪ್ರಾರ್ಥನೆ ಕೇಳಿಸಿಕೊಂಡು ಮನೆಗೆ ಬಂದವನು ಪಂಚೆ ಬದಲಾಯಿಸುವ ಮೊದಲೇ ಶುರು ಮಾಡಿದ.

"ತಾಳ್ಮಿ ಬ್ಯಾಡಪ್ಪ. ತಾಳ್ಮಿ ನಮ್ಮ ಹತ್ರ ಹೇರಳ ಐತಿ. ಇನ್ನಷ್ಟು ಬೇಡಿದ್ರ ದೇವರೂ ಬ್ಯಾಸರ ಮಾಡ್ಕೊಂತಾನ."

"ಮತ್ತೇನು ಕೇಳ್ಲಿ?"

"ಅದನ್ನ ನೀನ ಯೋಚನಿ ಮಾಡು. ಉಪದೇಶಿ ನೀನು."

"ನೋಡಾಣ," ಎಂದ ಅಪ್ಪ. ಮುಂದಿನ ಭಾನುವಾರ ಅವನು ಆಳುವವರಿಗೆ ಬುದ್ಧಿ ಬೇಡಿದ. ಆಳಿಸಿಕೊಳ್ಳುವವರಿಗೆ ಎಂದು ಹೇಳಿ, ಏನು ಎಂದು ಹೇಳದೆ ಬಿಟ್ಟ. ಪ್ರತಿಯೊಬ್ಬರೂ ಅಲ್ಲಿ ತಮಗೆ ಬೇಕಾದ್ದನ್ನು ಹಾಕಿಕೊಳ್ಳಲಿ ಎಂಬಂತೆ ಒಂದು ಉಸಿರಿನಷ್ಟು ಜಾಗ. ಆ ಜಾಗದಲ್ಲಿ ಅಣ್ಣನ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ.

ಅತ್ತ ಹೊಸಪೇಟೆಯಲ್ಲಿ ಹವಾಲ್ದಾರರು ಬಹಳ ಕಾಲ ಮನೆಯಲ್ಲೇ ಆರಾಧನೆ ಮಾಡಿಕೊಂಡರು. ಒಂದು ಕ್ರಿಸ್ಮಸ್ಸಿಗೆ ಏನೂ ಆಗಿಲ್ಲವೆಂಬಂತೆ ಬಂದು ಮೊದಲ ಸಾಲಿನಲ್ಲಿ ಕೂತರು. ಚಕ್ರವರ್ತಿಗಳ ಹೆಸರು ಬಂದಾಗ ಅವರ ಆಮೆನ್ ಮಾತ್ರ ಮೊದಲಿಗಿಂತ ದೊಡ್ಡದಾಗಿತ್ತು.

ಯುದ್ಧ ಮುಗಿದ ಮೇಲೆ ದೊರೆಗಳ ಮಗ ಬದುಕಿದ್ದಾನೆಂಬ ಸುದ್ದಿ ಬಂತು. ಸ್ವಲ್ಪ ಕಾಲಕ್ಕೆ ಅವನೇ ಬಂದ. ಸ್ಟೇಷನ್ನಿನಲ್ಲಿ ಇಳಿದವನನ್ನು ತಂದೆಯೇ ಗುರುತಿಸಲಿಲ್ಲವಂತೆ. ಅಷ್ಟು ಸೊರಗಿದ್ದ. ಬಂದ ಎರಡನೇ ದಿನವೇ ಸಂಡೂರಿಗೆ ಹೇಳಿಕಳಿಸಿ ಅಣ್ಣನನ್ನು ಕರೆಸಿಕೊಂಡ. ಹಂಪೆಗೆ ಹೋಗೋಣ ಎಂದ. ಅವ್ವ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿ ಅಣ್ಣನ ಕೈಯಲ್ಲಿ ಕಳಿಸಿದ್ದಳು. ಶಾಲೆಗೆ ರಜೆ ಇತ್ತು. ನಾನೂ ಹೊರಟೆ.

ಹೊಳೆಯ ದಂಡೆಯ ಒಂದು ಕಲ್ಲಿನ ಮಂಟಪದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ದೊರೆಗಳ ಮಗ ತಂದೆಯಂತೆ ಗ್ರಂಥದ ಕನ್ನಡ ಆಡುವವನಲ್ಲ. ಬಜಾರದಲ್ಲಿ ಕಲಿತದ್ದು ಅವನದು.

"ಲೇ, ನಿಮ್ಮ ಬಳ್ಳಾರಿ ಜೈಲ್ನಾಗ ಏನ್ ಹಾಕ್ತಿದ್ರೋ ಊಟಕ್ಕ?" ಎಂದು ಅಣ್ಣನನ್ನು ಕೇಳಿದ.

"ರಾಗಿ ಮುದ್ದಿ, ನೀರಿನಂಥಾ ಸಾರು. ನಡುವ ಕಲ್ಲು."

"ಮಸ್ತ್ ಐತಲ್ಲೋ! ನಮಗ ಹುಳ ಬಿದ್ದ ಅಕ್ಕಿ. ಹುಳ ತಗದ್ರ ಹೊಟ್ಟಿಗೆ ಕಮ್ಮಿ ಆಗತೈತಂತ ತಗೀತಿರಲಿಲ್ಲ."

ಇಬ್ಬರೂ ಹೀಗೆ ಬಹಳ ಹೊತ್ತು ಊಟದ ವಿಷಯವನ್ನೇ ಮಾತಾಡಿದರು. ನನಗೆ ಕೇಳಬೇಕಾದ್ದು ಬೇರೆ ಇತ್ತು. ಇಷ್ಟು ವರ್ಷ ಅಣ್ಣ ಹೇಳದೆ ಉಳಿಸಿದ್ದನ್ನು ಇವತ್ತಾದರೂ ಹೇಳಬಹುದೆಂದು, "ಅಲ್ಲಿ ನೀವು ಪ್ರಾರ್ಥನಿ ಮಾಡ್ತಿದ್ರೇನು? ಯಾರ ಸಲುವಾಗಿ?" ಎಂದೆ.

"ಒಂದಿನ ಚಕ್ರವರ್ತಿ ಸಲುವಾಗಿನೂ ಮಾಡಾಕ ಕುಂತೆ," ಎಂದ ಅಣ್ಣ. "ಪ್ರಜಾ ಆಗಿ ಅಲ್ಲ. ಶತ್ರುವಿನ ಸಲುವಾಗಿ ಬೇಡ್ಕೋಬೇಕಂತ ಸ್ವಾಮಿ ಹೇಳ್ಯಾನಲ್ಲ, ಹಂಗ. ಆದ್ರ ಕಣ್ಣು ಮುಚ್ಚಿದ್ರ ಶತ್ರುವಿನ ಮಾರಿನ ಬರವಲ್ದು. ಅಂಚೀ ಸ್ಟಾಂಪಿನ ಮ್ಯಾಲಿನ ಮಾರಿ ಅಷ್ಟ ಬಂತು. ಸ್ಟಾಂಪಿನ ಮ್ಯಾಲೆ ಸಿಟ್ಟು ಎಷ್ಟೊತ್ತು ಮಾಡ್ಕೊಂಡು ಕುಂದ್ರತಿ? ಎದ್ದು ನೀರು ಕುಡದು ಮಲಗಿದೆ."

"ನೀನು?" ಎಂದು ದೊರೆಗಳ ಮಗನನ್ನು ಕೇಳಿದೆ.

ಅವನು ರೊಟ್ಟಿಯ ಚೂರುಗಳನ್ನು ಬೆರಳಿಗೆ ಒತ್ತಿ ಒತ್ತಿ ತಿನ್ನುತ್ತಿದ್ದ. ಒಂದು ಚೂರನ್ನೂ ಬಿಡುತ್ತಿರಲಿಲ್ಲ. "ಮೊದಲು ದೇಶದ ಸಲುವಾಗಿ ಮಾಡ್ತಿದ್ದೆ. ಆಮ್ಯಾಲೆ ಅಪ್ಪ ಅವ್ವನ ಸಲುವಾಗಿ. ಕಡೀಗೆ ಬರೇ ಅನ್ನದ ಸಲುವಾಗಿ," ಎಂದ. "ಅಲ್ಲೊಬ್ಬ ಕಾವಲುಗಾರ ಇದ್ದ. ಭಾಳ ಹೊಡೀತಿದ್ದ. ಅವನೇ ಒಂದಿನ ಯಾರೂ ನೋಡದಂಗ ನನ್ನ ಕೈಯಾಗ ಉಪ್ಪಿನ ಹರಳು ಇಟ್ಟು ಹೋದ. ಯಾಕ ಕೊಟ್ಟ ಅಂತ ಈಗೂ ಗೊತ್ತಿಲ್ಲ. ಅವನ ಹೆಸ್ರೂ ಗೊತ್ತಿಲ್ಲ. ಅವನ ಸಲುವಾಗಿ ಏನಂತ ಬೇಡ್ಕೊಳ್ಳೋದು ಹೇಳು?"

ಅಣ್ಣ ಇನ್ನೊಂದು ರೊಟ್ಟಿ ಮುರಿದು ಅವನ ಮುಂದಿಟ್ಟ.

ಸಂಜೆ ಕಮಲಾಪುರಕ್ಕೆ ನಡೆದು ಬಂದು ಬಸ್ಸು ಹತ್ತಿದೆವು. ಆಗೆಲ್ಲ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿ ಬಂದ ಗ್ಯಾಸಿನಿಂದ ಓಡುತ್ತಿದ್ದವು. ದಾರಿಯಲ್ಲಿ ಏರು ಸಿಕ್ಕಲ್ಲಿ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ನೂಕಬೇಕು ಎಂದ ಡ್ರೈವರು. ಇಬ್ಬರೂ ಇಳಿದು ಹಿಂದಿನಿಂದ ಹೆಗಲು ಕೊಟ್ಟರು. ಇಂಗ್ಲಿಷರು ದೇಶ ಬಿಟ್ಟು ಹೋಗಬೇಕೋ, ಯಾವಾಗ ಹೋಗಬೇಕೋ ಎಂಬ ವಾದ ಅವರ ನಡುವೆ ಆಗಲೇ ಶುರುವಾಗಿತ್ತು. "ಹೋಗ್ತೀವಿ ತಡೀಲೇ, ಮೊದ್ಲು ಇದನ್ನ ನೂಕು," ಎಂದು ದೊರೆಗಳ ಮಗ ಏದುಸಿರು ಬಿಡುತ್ತ ಹೇಳಿದ್ದು ಕಿಟಕಿಯ ಪಕ್ಕ ಕೂತಿದ್ದ ನನಗೆ ಕೇಳಿಸಿತು. ಬಸ್ಸು ಒಮ್ಮೆ ಅದುರಿ, ಹೊಗೆ ಕಾರಿ, ಮೆಲ್ಲಗೆ ಮೇಲಕ್ಕೆ ಚಲಿಸಿತು. ಅವರಿಬ್ಬರೂ ಮಾತು ನಿಲ್ಲಿಸದೆ ಅದರ ಹಿಂದೆ ಓಡಿ ಬಂದು ಹತ್ತಿಕೊಂಡರು.